ಮೂಡಿಗೆರೆಯಿಂದ ಜರ್ಮನಿಯ ಲಾಯಕ್ಕೆ: ಈವೆಂಟಿಂಗ್‌ಗಾಗಿ ಹೊರದೇಶಕ್ಕೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೂಡಿಗೆರೆ ಕಡೆಯವಳು. ಜರ್ಮನಿಯ ಒಂದು ಲಾಯದಲ್ಲಿ ಮೂರೂವರೆ ವರ್ಷ ಇದ್ದೆ. ಲದ್ದಿ ಎತ್ತಿದೆ, ಸವಾರಿ ಕಲಿತೆ, ಟೂ-ಸ್ಟಾರ್ (ಐದು ಮೆಟ್ಟಿಲಲ್ಲಿ ಎರಡನೆಯದು) ಮಟ್ಟದವರೆಗೆ ಸ್ಪರ್ಧೆ ಮಾಡಿದೆ. ಈಗ ಚಿಕ್ಕಮಗಳೂರಿನ ಹತ್ತಿರ ನಾಲ್ಕು ಕುದುರೆ ಕಟ್ಟಿಕೊಂಡು ಮಕ್ಕಳಿಗೆ ಕಲಿಸುತ್ತಿದ್ದೇನೆ. ಸಕಲೇಶಪುರ, ಆಲೂರು, ಬೇಲೂರು, ಕೊಪ್ಪ, ಎಲ್ಲ ಕಡೆಯಿಂದ ಫೋನ್ ಬರುತ್ತದೆ. "ಮಗಳು ಕುದುರೆ ಕುದುರೆ ಅಂತಾಳೆ, ಫಾರಿನ್‌ಗೆ ಕಳಿಸಬೇಕಂತೆ, ಏನು ಮಾಡೋದು ಹೇಳಮ್ಮ." ಹೇಳಿದ್ದನ್ನೇ ಹೇಳಿ ಸಾಕಾಗಿ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಈವೆಂಟಿಂಗ್ ಅಂದ್ರೆ ಕುದುರೆ ರೇಸಾ?

ಅಲ್ಲ. ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಮೊದಲು ಡ್ರೆಸಾಜ್. ಅಳತೆಯ ಅಂಗಳದಲ್ಲಿ ಕುದುರೆ ಎಷ್ಟು ಮೆತ್ತಗೆ, ಎಷ್ಟು ಚೊಕ್ಕವಾಗಿ ಮಾತು ಕೇಳುತ್ತದೆ ಅಂತ ನೋಡುತ್ತಾರೆ. ಆಮೇಲೆ ಕ್ರಾಸ್ ಕಂಟ್ರಿ. ಬಯಲು, ಕಾಡು, ನೀರಿನ ಹೊಂಡ, ದಿಮ್ಮಿ, ಹಳ್ಳ ಎಲ್ಲ ಹಾರಿಕೊಂಡು ಓಡಬೇಕು. ಇನ್ನೊಂದು ಶೋ ಜಂಪಿಂಗ್. ತಾಗಿದರೆ ಬೀಳುವ ಬಣ್ಣದ ಗಳುಗಳ ಮೇಲೆ ಹಾರುವುದು.

ಲೆಕ್ಕ ಸುಲಭ. ಡ್ರೆಸಾಜ್‌ನಲ್ಲಿ ನೂರಕ್ಕೆ 70 ಬಂತು ಅಂದರೆ 30 ದಂಡದ ಅಂಕ. ಕ್ರಾಸ್ ಕಂಟ್ರಿಯಲ್ಲಿ ಗೊತ್ತುಪಡಿಸಿದ ಸಮಯಕ್ಕಿಂತ ಹತ್ತು ಸೆಕೆಂಡ್ ತಡವಾದರೆ, ಸೆಕೆಂಡಿಗೆ 0.4ರಂತೆ ಇನ್ನೂ 4. ಕುದುರೆ ಒಂದು ಸಲ ಹಾರಲ್ಲ ಅಂತ ನಿಂತರೆ 20. ಶೋ ಜಂಪಿಂಗ್‌ನಲ್ಲಿ ಒಂದು ಗಳು ಬಿದ್ದರೆ 4. ಕೊನೆಗೆ ಯಾರ ಹತ್ತಿರ ಕಡಿಮೆ ಇದೆಯೋ ಅವರು ಗೆದ್ದರು.

ಕ್ರಾಸ್ ಕಂಟ್ರಿ ಬಗ್ಗೆ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಸವಾರರು ಮೊದಲೇ ಆ ದಾರಿಯನ್ನು ಕಾಲ್ನಡಿಗೆಯಲ್ಲಿ ಎರಡು-ಮೂರು ಸಲ ನೋಡಿರುತ್ತಾರೆ. ಕುದುರೆ ಮಾತ್ರ ಅದನ್ನು ಮೊದಲ ಸಲ ನೋಡುವುದು ಓಡುವಾಗಲೇ. ಆ ಕ್ಷಣದಲ್ಲಿ ಅದು ನಿಮ್ಮನ್ನು ನಂಬಬೇಕು. ಫೈವ್-ಸ್ಟಾರ್ ಮಟ್ಟದಲ್ಲಿ ನಿಮಿಷಕ್ಕೆ 570 ಮೀಟರ್ ವೇಗ, ಹತ್ತು-ಹನ್ನೊಂದು ನಿಮಿಷದ ಓಟ.

ಇಲ್ಲೇ ಇದ್ದುಕೊಂಡು ಮಾಡೋಕಾಗಲ್ವಾ?

ಶುರು ಮಾಡೋಕಾಗುತ್ತೆ, ಖಂಡಿತ. ಬೆಂಗಳೂರಿನಲ್ಲಿ ಒಳ್ಳೆ ರೈಡಿಂಗ್ ಸ್ಕೂಲ್‌ಗಳಿವೆ. ಸೈನ್ಯದವರು ಈ ಆಟವನ್ನು ದೇಶದಲ್ಲಿ ಎಷ್ಟೋ ದಶಕ ಕಾಪಾಡಿಕೊಂಡು ಬಂದಿದ್ದಾರೆ. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ರಘುಬೀರ್ ಸಿಂಗ್ ಈವೆಂಟಿಂಗ್ ಚಿನ್ನ ಗೆದ್ದಿದ್ದು ಇಲ್ಲಿಯ ತಾಲೀಮಿನಿಂದಲೇ.

ಆದರೆ ಮೇಲಕ್ಕೆ ಹೋಗಬೇಕು ಅಂದರೆ ಕಷ್ಟ. ಅಂತರರಾಷ್ಟ್ರೀಯ ಮಟ್ಟದ ಸ್ಪರ್ಧೆ ನಮ್ಮಲ್ಲಿ ಬೆರಳೆಣಿಕೆಯಷ್ಟು. ಜರ್ಮನಿಯಲ್ಲಿ ಸೀಸನ್ ಶುರುವಾದರೆ ಗಾಡಿ ಓಡಿಸಿಕೊಂಡು ಹೋಗುವ ದೂರದಲ್ಲೇ ಸಾಲು ಸಾಲು ಸ್ಪರ್ಧೆ. ಬೆಂಗಳೂರಿನ ಫವಾದ್ ಮಿರ್ಜಾ 2018ರಲ್ಲಿ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರಲ್ಲ, ಅದು 1982ರ ನಂತರ ಕುದುರೆ ಸವಾರಿಯಲ್ಲಿ ನಮಗೆ ಬಂದ ಮೊದಲ ವೈಯಕ್ತಿಕ ಪದಕ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸೇನ್ಯೋರ್ ಮೆಡಿಕಾಟ್ ಅನ್ನುವ ಕುದುರೆಯ ಜೊತೆ ಫೈನಲ್ ತಲುಪಿ 23ನೆಯವರಾದರು. ಅವರೂ ತಯಾರಾಗಿದ್ದು ಜರ್ಮನಿಯಲ್ಲೇ, ಒಲಿಂಪಿಕ್ ಪದಕ ಗೆದ್ದ ಸವಾರೆ ಸಾಂಡ್ರಾ ಔಫಾರ್ಟ್ ಅವರ ಲಾಯದಲ್ಲಿ.

ನಮ್ಮ ಹತ್ತಿರ ಕುದುರೆ ಇದೆ. ಅದನ್ನೇ ಕರ್ಕೊಂಡು ಹೋಗಬಹುದಾ?

ಈ ಪ್ರಶ್ನೆಗೇ ಜಾಸ್ತಿ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಬೇಡ. ಹೋಗುವುದು ನೀವು, ಕುದುರೆ ಅಲ್ಲ.

ಭಾರತದಿಂದ ಯುರೋಪಿಗೆ ಕುದುರೆ ಕಳಿಸುವುದು ವಿಮಾನದ ಟಿಕೆಟ್ ವಿಷಯ ಅಲ್ಲ, ರೋಗದ ವಿಷಯ. ಗ್ಲಾಂಡರ್ಸ್, ಸರ್ರಾ ಮುಂತಾದ ರೋಗಗಳ ಭಯದಿಂದ ಅಲ್ಲಿಯವರು ಬಾಗಿಲು ಬಿಗಿಯಾಗಿ ಹಾಕಿಕೊಂಡಿದ್ದಾರೆ. 2025ರಲ್ಲಿ ಮೀರತ್‌ನಲ್ಲಿರುವ ಸೈನ್ಯದ ರಿಮೌಂಟ್ ವೆಟರ್ನರಿ ಕೋರ್ ಕೇಂದ್ರಕ್ಕೆ ಕುದುರೆ ರೋಗಮುಕ್ತ ವಲಯ ಅಂತ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿತು. ದೇಶದಲ್ಲಿ ಇಂಥದ್ದು ಇದೇ ಮೊದಲು. ಒಳ್ಳೆ ಸುದ್ದಿಯೇ. ಆದರೆ ಅದು ಮೀರತ್‌ನ ಆ ಆವರಣಕ್ಕೆ ಸಿಕ್ಕಿದ್ದು, ಆಲ್ದೂರಿನ ನಿಮ್ಮ ಕೊಟ್ಟಿಗೆಗಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಸಿಗುವ ಹೆಚ್ಚಿನ ಕುದುರೆಗಳು ರೇಸ್‌ನಿಂದ ಬಿಟ್ಟು ಬಂದ ಥರೋಬ್ರೆಡ್. ಹಾಸನದಿಂದ ಬೆಂಗಳೂರಿಗೆ ಹೋಗುವಾಗ ದಾರಿಯಲ್ಲಿ ಸಿಗುವ ಕುಣಿಗಲ್ ಸ್ಟಡ್ ಫಾರ್ಮ್‌ನದ್ದೂ ಅದೇ ತಳಿ. ಕಲಿಯೋಕೆ ಒಳ್ಳೆ ಕುದುರೆಗಳು, ಓಟದಲ್ಲಿ ಎತ್ತಿದ ಕೈ. ಆದರೆ ಅಲ್ಲಿಯವರು ಹ್ಯಾನೋವೇರಿಯನ್, ಹೋಲ್‌ಸ್ಟೈನರ್ ತರಹದ ತಳಿಗಳನ್ನು ಸವಾರಿಯ ಆಟಗಳಿಗೆ ಅಂತಲೇ ತಲೆಮಾರುಗಳಿಂದ ಬೆಳೆಸಿದ್ದಾರೆ. ನಿಮ್ಮ ಕುದುರೆ ಊರಲ್ಲೇ ಇರಲಿ, ತಂಗಿ ಓಡಿಸಲಿ.

ಯಾವ ದೇಶ ಒಳ್ಳೇದು?

ನನಗೆ ಗೊತ್ತಿರುವುದು ಜರ್ಮನಿ, ಹಾಗಾಗಿ ಪಕ್ಷಪಾತ ಇದೆ. ವಾರೆನ್‌ಡೋರ್ಫ್ ಅನ್ನುವ ಊರು ಅವರ ಕುದುರೆ ಸವಾರಿಯ ರಾಜಧಾನಿ ಇದ್ದ ಹಾಗೆ. ಲುಮ್ಯೂಲೆನ್‌ನಲ್ಲಿ ಫೈವ್-ಸ್ಟಾರ್ ಸ್ಪರ್ಧೆ ನಡೆಯುತ್ತದೆ. ಪಕ್ಕದ ಪೋಲೆಂಡಿನ ಸ್ಟ್ರೆಗೊಮ್‌ಗೂ ಲಾರಿಯಲ್ಲೇ ಹೋಗಿ ಬರಬಹುದು. ಫ್ರಾನ್ಸ್‌ನಲ್ಲಿ ಸೊಮ್ಯೂರ್, ಪೋ ಅನ್ನುವ ಊರುಗಳ ಸ್ಪರ್ಧೆಗಳಿವೆ.

ಇಂಗ್ಲೆಂಡ್ ಅಂದರೆ ಬ್ಯಾಡ್ಮಿಂಟನ್ (ರಾಕೆಟ್ ಆಟ ಅಲ್ಲ, ಊರಿನ ಹೆಸರು), ಬರ್ಲಿ ಅನ್ನುವ ಜಾಗಗಳ ಸ್ಪರ್ಧೆ. ಬ್ಯಾಡ್ಮಿಂಟನ್ 1949ರಿಂದ ನಡೆಯುತ್ತಿದೆ, ಈ ಆಟದವರಿಗೆ ಅದು ಜಾತ್ರೆ. ಭಾಷೆ ಸುಲಭ. ಆದರೆ ಅವರು ಯುರೋಪ್ ಒಕ್ಕೂಟ ಬಿಟ್ಟ ಮೇಲೆ ಅಲ್ಲಿಂದ ಫ್ರಾನ್ಸ್‌ಗೆ ಕುದುರೆ ದಾಟಿಸಬೇಕು ಅಂದರೂ ಕಾಗದಪತ್ರದ ರಾಶಿ. ನಿಮ್ಮ ವೀಸಾವೂ ಬೇರೆ ಬೇರೆ.

ವೀಸಾ ಯಾವುದು ಹಾಕಬೇಕು?

ನಾನು ಹೋಗಿದ್ದು ಕೆಲಸ ಕಲಿಯುವ ವೀಸಾದಲ್ಲಿ. ಜರ್ಮನಿಯಲ್ಲಿ 'ಫೇರ್ಡೆವಿರ್ಟ್' ಅಂತ ಮೂರು ವರ್ಷದ ಕೋರ್ಸ್ ಇದೆ. ಲಾಯದಲ್ಲಿ ಕೆಲಸ, ಜೊತೆಗೆ ಶಾಲೆ. ಸವಾರಿ, ತಳಿ ಬೆಳೆಸುವುದು, ಕುದುರೆ ಸಾಕಣೆ ಅಂತ ಬೇರೆ ಬೇರೆ ವಿಭಾಗ. ತಿಂಗಳಿಗೆ ಒಂದಷ್ಟು ದುಡ್ಡೂ ಕೊಡುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಬಿ-ಒನ್ (ಮಧ್ಯಮ) ಮಟ್ಟದ ಜರ್ಮನ್ ಬೇಕು. ನಾನು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಒಂದು ವರ್ಷ ಕಲಿತೆ. ಮನೆಯವರಿಗೆ ಸುಮ್ನೆ ದುಡ್ಡು ದಂಡ ಅನ್ನಿಸಿತ್ತು. ಮೊದಲ ವಾರವೇ ಮಾಲೀಕರು "ಆ ಕುದುರೆಯ ಹಿಂಗಾಲಿಗೆ ಬಾವು ಬಂದಿದೆಯಾ ನೋಡು" ಅಂದಾಗ ಅರ್ಥ ಆಯಿತಲ್ಲ, ಅಲ್ಲಿಗೆ ಫೀಸು ವಸೂಲಾಯಿತು.

ಕಾಲೇಜು ಓದಿಕೊಂಡು ಸವಾರಿ ಮಾಡುತ್ತೇನೆ ಅಂದರೆ ಸ್ಟೂಡೆಂಟ್ ವೀಸಾ. ಅದಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು. ಇದು 2024ರ ಸೆಪ್ಟೆಂಬರ್‌ನಿಂದ ಬಂದ ಲೆಕ್ಕ. ಮೊತ್ತ ಆಗಾಗ ಏರುತ್ತದೆ, ಅರ್ಜಿ ಹಾಕುವ ದಿನ ಇನ್ನೊಮ್ಮೆ ನೋಡಿ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು.

"ಊಟ, ರೂಮು, ಪಾಠ ಫ್ರೀ. ಟೂರಿಸ್ಟ್ ವೀಸಾದಲ್ಲಿ ಬಾ" ಅಂತಿದ್ದಾರೆ. ಹೋಗಬಹುದಾ?

ಹೋಗಬೇಡಿ. ಸಂಬಳ ಇಲ್ಲದಿದ್ದರೂ ಅದು ಕೆಲಸವೇ. ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ಟೂರಿಸ್ಟ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ಕುದುರೆ ಕಲಿಯೋಕೆ 90 ದಿನ ಯಾವ ಮೂಲೆಗೆ? ಸಿಕ್ಕಿಬಿದ್ದರೆ ಮುಂದಿನ ವೀಸಾಗಳಿಗೂ ಕಲ್ಲು ಬೀಳುತ್ತದೆ. ನೋಡಿಕೊಂಡು ಬರೋಕೆ, ಎರಡು-ಮೂರು ಲಾಯ ಸುತ್ತೋಕೆ, ಸ್ಪರ್ಧೆ ನೋಡೋಕೆ ಟೂರಿಸ್ಟ್ ವೀಸಾ ಸಾಕು. ಹಾಗೆ ಒಂದು ಸಲ ಹೋಗಿ ಬನ್ನಿ ಅಂತ ನಾನೇ ಹೇಳುತ್ತೇನೆ.

ಅಲ್ಲಿ ದಿನ ಹೇಗಿರುತ್ತೆ?

ಬೆಳಿಗ್ಗೆ ಆರಕ್ಕೆ ಮೇವು. ಆಮೇಲೆ ಲದ್ದಿ. ಒಬ್ಬೊಬ್ಬರ ಪಾಲಿಗೆ ಎಂಟು-ಹತ್ತು ಕುದುರೆ. ನಮ್ಮ ಮನೆಯಲ್ಲಿ ಸಗಣಿ ಬಾಚೋಕೆ ಆಳು ಇದ್ದರು, ನಾನು ಬುಟ್ಟಿ ಮುಟ್ಟಿದವಳಲ್ಲ. ಅಲ್ಲಿ ಒಲಿಂಪಿಕ್ಸ್‌ಗೆ ಹೋಗಿ ಬಂದವರೇ ತಳ್ಳುಗಾಡಿ ತಳ್ಳುತ್ತಿರುತ್ತಾರೆ. ಇಲ್ಲಿ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಕುದುರೆಗೆ ಜೀನು ಕಟ್ಟಿ ತಂದು ನಿಲ್ಲಿಸುತ್ತಾನೆ, ನಾವು ಹತ್ತಿ ಕೂರುತ್ತೇವೆ. ಈ ಅಭ್ಯಾಸ ಇರುವವರು ಅಲ್ಲಿ ಮೊದಲ ತಿಂಗಳೇ ಅಳುತ್ತಾರೆ. ನಾನು ಎರಡನೇ ವಾರ ಅತ್ತೆ.

ದಿನಕ್ಕೆ ಮೂರು-ನಾಲ್ಕು ಕುದುರೆ ಓಡಿಸೋಕೆ ಸಿಗಬಹುದು. ಅದರಲ್ಲಿ ಒಂದು ಹಾರುವ ದಿನ ಇದ್ದರೆ ಅದೃಷ್ಟ. ಉಳಿದದ್ದು ನಡಿಗೆ, ದುಡುಕಿ ಓಟ (ಟ್ರಾಟ್), ವೃತ್ತ, ಮತ್ತೆ ವೃತ್ತ. ಸ್ಪರ್ಧೆಯ ಸೀಸನ್ ಮಾರ್ಚ್-ಏಪ್ರಿಲ್‌ನಿಂದ ಅಕ್ಟೋಬರ್. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲು. ನೀರಿನ ಪೈಪ್ ಹೆಪ್ಪುಗಟ್ಟಿ ಬಕೆಟ್‌ನಲ್ಲಿ ಹೊತ್ತಿದ್ದೇನೆ. ನಮ್ಮ ಮಲೆನಾಡಿನ ಮಳೆಗಾಲ ಕಂಡವರಿಗೆ ಕೆಸರು ಹೊಸದಲ್ಲ. ಆದರೆ ಆ ಚಳಿ ಬೇರೆ. ಒಂದು ಸಮಾಧಾನ ಏನಪ್ಪಾ ಅಂದರೆ, ಅಲ್ಲಿ ಇಂಬಳ ಇಲ್ಲ.

ತೋಟ ಮಾರಬೇಕಾಗುತ್ತಾ?

ಇದನ್ನು ನಗುತ್ತಾ ಕೇಳುತ್ತಾರೆ, ಆದರೆ ತಮಾಷೆಗಲ್ಲ ಅಂತ ಗೊತ್ತು. ಮಾರಬೇಡಿ. ಯಾರಾದರೂ "ಎರಡು ಎಕರೆ ತೆಗೆದರೆ ಸಾಕು" ಅಂದರೆ ಅವರಿಗೆ ಈ ಆಟದ ಖರ್ಚು ಗೊತ್ತಿಲ್ಲ ಅಂತ ಅರ್ಥ.

ಖರ್ಚಿನ ಗಾತ್ರಕ್ಕಿಂತ ಅದರ ನಡೆ ನಮಗೆ ಹೊಂದುವುದಿಲ್ಲ. ಕಾಫಿಯವರಿಗೆ ದುಡ್ಡು ಬರುವುದು ವರ್ಷಕ್ಕೊಂದು ಸಲ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರು, ಆಮೇಲೆ ರೊಬಸ್ಟಾ, ಮೆಣಸು. ಮಾರ್ಚ್ ಹೊತ್ತಿಗೆ ಕೈಯಲ್ಲಿ ಕಾಸು. ಅಲ್ಲಿ ಸೀಸನ್ ಶುರುವಾಗುವುದೂ ಆಗಲೇ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಕುದುರೆ ಮಾತ್ರ ತಿಂಗಳು ತಿಂಗಳೂ ತಿನ್ನುತ್ತದೆ. ಲಾಯದ ಬಾಡಿಗೆ, ಆರೇಳು ವಾರಕ್ಕೊಮ್ಮೆ ಲಾಳ, ಲಸಿಕೆ, ಡಾಕ್ಟರ್, ಎಂಟ್ರಿ ಫೀಸು, ಡೀಸೆಲ್, ಪಾಠ, ವಿಮೆ. ಅಕ್ಟೋಬರ್‌ಗೆ ಸೀಸನ್ ಮುಗಿಯುತ್ತದೆ, ಖರ್ಚು ಮುಗಿಯಲ್ಲ. ಊರಲ್ಲಿ ಆಗ ಕೊಯ್ಲಿನ ಆಳಿಗೆ ಕೊಡಲೂ ದುಡ್ಡು ಹೊಂದಿಸಬೇಕು. ನಮ್ಮಪ್ಪನ ಜೊತೆ ನನ್ನ ಜಗಳ ಎಲ್ಲ ಅಕ್ಟೋಬರ್-ನವೆಂಬರ್‌ನಲ್ಲೇ ಆಗಿದ್ದು.

ನನ್ನ ಸಲಹೆ: ಮೊದಲ ಎರಡು ವರ್ಷ ಸ್ವಂತ ಕುದುರೆಯೇ ಬೇಡ. ಕೆಲಸ ಮಾಡಿ, ಮಾಲೀಕರ ಕುದುರೆ ಓಡಿಸಿ. ಮನೆಯಿಂದ ಬರುವ ದುಡ್ಡು ನಿಮ್ಮ ಹೊಟ್ಟೆಗೆ, ಶೂಗೆ, ಕಲಿಕೆಗೆ ಮಾತ್ರ. ಊರಿಂದ ಕಳಿಸುವಾಗ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ ಇದೆ. ಅಷ್ಟು ಕಳಿಸುವವರು ಈ ಪುಟ ಓದುತ್ತಾ ಕೂರಲ್ಲ ಅನ್ನಿ. ಒಂದು ಮೊತ್ತ ದಾಟಿದ ಮೇಲೆ ಬ್ಯಾಂಕಿನವರು ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ, ರಿಟರ್ನ್ಸ್‌ನಲ್ಲಿ ವಾಪಸ್ ಕೇಳಬಹುದು. ಆಡಿಟರ್ ಹತ್ತಿರ ಮೊದಲೇ ಮಾತಾಡಿ.

ಕುದುರೆ ಕೊಳ್ಳೋದಾ, ಲೀಸ್‌ಗೆ ತಗೊಳ್ಳೋದಾ?

ನಾನು ಕೊಂಡೆ, ಕೆಟ್ಟೆ. ಅಲ್ಲಿಗೆ ಹೋಗಿ ಎರಡನೇ ವರ್ಷ. ಆ ವರ್ಷ ಮೆಣಸಿಗೆ ಒಳ್ಳೆ ರೇಟು ಸಿಕ್ಕಿತ್ತು, ಅಪ್ಪ ಖುಷಿಯಲ್ಲಿ ಕಳಿಸಿದರು. ಕಂದು ಬಣ್ಣದ ಕುದುರೆ, ಕಣ್ಣು ನೋಡಿದರೆ ಕರಗಿ ಹೋಗಬೇಕು. ಕೊಳ್ಳುವ ಮುಂಚೆ ಪಶುವೈದ್ಯರ ತಪಾಸಣೆ ಆಗಬೇಕು ಅಂತ ಗೊತ್ತಿತ್ತು. ಮಾರುವವರು "ನಮ್ಮ ಡಾಕ್ಟರ್ ಹೋದ ತಿಂಗಳಷ್ಟೇ ನೋಡಿದ್ದಾರೆ, ಎಕ್ಸ್-ರೇ ಇದೆ" ಅಂದರು. ಸರಿ ಅಂದುಬಿಟ್ಟೆ. ಮೂರನೇ ತಿಂಗಳಿಗೆ ಮುಂಗಾಲು ಕುಂಟೋಕೆ ಶುರು. ಗೊರಸಿನ ಒಳಗಿನ ಮೂಳೆಯ ಹಳೇ ತೊಂದರೆ. ಒಂದು ಸೀಸನ್ ಪೂರ್ತಿ ಕೈಬಿಟ್ಟಿತು. ಕೊನೆಗೆ ಸುಮ್ಮನೆ ನಡೆಸಿಕೊಂಡು ಹೋಗೋಕೆ ಸಾಕು ಅಂತ ಹುಡುಕುತ್ತಿದ್ದ ಒಬ್ಬ ಅಜ್ಜಿಗೆ ಹೆಚ್ಚುಕಮ್ಮಿ ಪುಕ್ಕಟೆ ಕೊಟ್ಟೆ. ಅದು ಈಗಲೂ ಆರಾಮಾಗಿ ಹುಲ್ಲು ಮೇಯುತ್ತಿದೆ, ಅಜ್ಜಿ ಫೋಟೋ ಕಳಿಸುತ್ತಾರೆ.

ಹಾಗಾಗಿ ಡಾಕ್ಟರ್ ನಿಮ್ಮವರೇ ಇರಲಿ. ಮಾರುವವರ ಲಾಯಕ್ಕೆ ಹೋಗಿ ಬರುವವರು ಬೇಡ. ಎಕ್ಸ್-ರೇ ಹೊಸದಾಗಿ ತೆಗೆಸಿ. ನಿಮ್ಮ ಕೋಚ್ ಎದುರು ಎರಡು ಸಲ ಓಡಿಸಿ ನೋಡಿ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವ ನಮ್ಮಜ್ಜ ಸುಳಿ, ಹಲ್ಲು, ಗೊರಸು ನೋಡದೆ ಎತ್ತು ತಂದವರಲ್ಲ. ನಾನು ಕಣ್ಣು ನೋಡಿ ತಂದೆ.

ಲೀಸ್ ಆದರೆ ಕರಾರಿನಲ್ಲಿ ಕುದುರೆಗೆ ಗಾಯವಾದರೆ ಯಾರು ಕೊಡಬೇಕು ಅನ್ನುವ ಸಾಲು ಇದೆಯಾ ನೋಡಿ. ಇಲ್ಲ ಅಂದರೆ ಸಹಿ ಹಾಕಬೇಡಿ.

ಎಷ್ಟು ವರ್ಷಕ್ಕೆ ಒಲಿಂಪಿಕ್ಸ್?

ದುಡ್ಡು ಕೊಟ್ಟು ಸ್ಟಾರ್ ಏರೋಕಾಗಲ್ಲ. ಅಂತರರಾಷ್ಟ್ರೀಯ ಮಟ್ಟ ಒಂದರಿಂದ ಐದು ಸ್ಟಾರ್. ಮೇಲಿನ ಮಟ್ಟಕ್ಕೆ ಹೋಗಬೇಕು ಅಂದರೆ ಕೆಳಗಿನದ್ದರಲ್ಲಿ ಅರ್ಹತೆಯ ಫಲಿತಾಂಶ ಬೇಕು. ಡ್ರೆಸಾಜ್‌ನಲ್ಲಿ ಕನಿಷ್ಠ ನೂರಕ್ಕೆ 55, ಕ್ರಾಸ್ ಕಂಟ್ರಿಯಲ್ಲಿ ಒಂದೂ ತಪ್ಪಿಲ್ಲದ ಹಾರಾಟ ಮತ್ತು ಸಮಯಕ್ಕಿಂತ 75 ಸೆಕೆಂಡ್ ಮೀರದ ಓಟ, ಶೋ ಜಂಪಿಂಗ್‌ನಲ್ಲಿ 16ಕ್ಕಿಂತ ಜಾಸ್ತಿ ದಂಡ ಇರಬಾರದು. ಮೂರೂ ಒಂದೇ ಸ್ಪರ್ಧೆಯಲ್ಲಿ ಬರಬೇಕು. ಕುದುರೆ ಒಂದು ಸಲ ಹಾರಲ್ಲ ಅಂದರೆ ಮುಂದಿನ ಸಲ ನೋಡೋಣ. ಸೀಸನ್‌ನಲ್ಲಿ ಕುದುರೆಗೆ ದೊಡ್ಡ ಸ್ಪರ್ಧೆಗಳನ್ನು ಬೇಕಾಬಿಟ್ಟಿ ಮಾಡಿಸೋಕೂ ಆಗಲ್ಲ, ಅದರ ಕಾಲು ನೋಡಬೇಕು.

ಒಲಿಂಪಿಕ್ಸ್‌ಗೆ ಕುದುರೆಯ ಮಾಲೀಕರೂ ನಿಮ್ಮ ದೇಶದವರೇ ಆಗಿರಬೇಕು, ಅದೂ ಆ ವರ್ಷದ ಜನವರಿ 15ರೊಳಗೆ. ಜರ್ಮನ್ ಮಾಲೀಕರ ಕುದುರೆ ಎಷ್ಟೇ ಚೆನ್ನಾಗಿ ಓಡಿಸಿದರೂ ಆಗ ಯಾರೋ ಭಾರತೀಯರು ಅದನ್ನು ಕೊಳ್ಳಬೇಕು. ಈ ಆಟಕ್ಕೆ ನಮ್ಮ ದೇಶದಿಂದ ಒಲಿಂಪಿಕ್ಸ್‌ಗೆ ಹೋದವರು 1996ರಲ್ಲಿ ಇಂದ್ರಜಿತ್ ಲಾಂಬಾ, 2000ದಲ್ಲಿ ಇಮ್ತಿಯಾಜ್ ಅನೀಸ್, ಆಮೇಲೆ ಇಪ್ಪತ್ತು ವರ್ಷ ಯಾರೂ ಇಲ್ಲ, ಆಮೇಲೆ ಫವಾದ್. ಇಷ್ಟು ಹೇಳಿದರೆ ಸಾಕಲ್ವಾ?

ಅಲ್ಲೇ ಇದ್ದರೂ ಭಾರತದ ಪರವಾಗಿ ಆಡಬಹುದಾ?

ಆಡಬಹುದು. ಈಕ್ವೆಸ್ಟ್ರಿಯನ್ ಫೆಡರೇಷನ್ ಆಫ್ ಇಂಡಿಯಾ ಮೂಲಕ ನೋಂದಣಿ ಆಗಬೇಕು. ಅಂತರರಾಷ್ಟ್ರೀಯ ಎಂಟ್ರಿಗಳೂ ಅವರ ಕಡೆಯಿಂದಲೇ. ಪಾಸ್‌ಪೋರ್ಟ್ ಬದಲಾಯಿಸಬೇಕಿಲ್ಲ. ಕುದುರೆಗೂ ಪಾಸ್‌ಪೋರ್ಟ್ ಇರುತ್ತದೆ, ಅದರಲ್ಲಿ ಲಸಿಕೆಯ ತಾರೀಕು ಒಂದು ದಿನ ತಪ್ಪಿದರೂ ಗೇಟಿನಲ್ಲೇ ತೊಂದರೆ. ಫ್ಲೂ ಲಸಿಕೆ, ಸ್ಪರ್ಧೆಗೆ ಬರುವ ಹಿಂದಿನ ಆರು ತಿಂಗಳು 21 ದಿನದೊಳಗೆ ಆಗಿರಬೇಕು. ಗೋಡೆ ಮೇಲೆ ಬರೆದಿಡಿ.

ಬಿದ್ದರೆ?

ಬೀಳುತ್ತೀರಿ. ಕ್ರಾಸ್ ಕಂಟ್ರಿ ಅಪಾಯದ ಆಟ, ಸುಳ್ಳು ಹೇಳಲ್ಲ. ಪ್ರಾಣ ಹೋದವರಿದ್ದಾರೆ. ಕುದುರೆ ತಡೆಗೆ ಕಾಲು ತಾಗಿಸಿ ಪಲ್ಟಿ ಹೊಡೆದು ಸವಾರರ ಮೇಲೆ ಬೀಳುವುದೇ ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೇ ಈಗ ಕೆಲವು ತಡೆಗಳಿಗೆ ಜೋರಾಗಿ ತಾಗಿದರೆ ಕಳಚಿಕೊಳ್ಳುವ ಪಿನ್ ಹಾಕಿರುತ್ತಾರೆ, ಅದು ಕಳಚಿದರೆ 11 ದಂಡ. ಹೆಲ್ಮೆಟ್, ಎದೆಕವಚ ಕಡ್ಡಾಯ. ಗಾಳಿ ತುಂಬುವ ಜಾಕೆಟ್ ಮೇಲೆ ಹಾಕಿಕೊಳ್ಳಿ. ಕ್ರಾಸ್ ಕಂಟ್ರಿಯಲ್ಲಿ ಸವಾರರು ಬಿದ್ದರೆ ಅವತ್ತಿನ ಆಟ ಮುಗಿಯಿತು, ಎದ್ದು ಮತ್ತೆ ಹತ್ತೋ ಹಾಗಿಲ್ಲ.

ಜರ್ಮನಿಯಲ್ಲಿ ಆರೋಗ್ಯ ವಿಮೆ ಇಲ್ಲದೆ ಇರೋಕಾಗಲ್ಲ. ಸ್ವಂತ ಕುದುರೆ ಇದ್ದರೆ, ಅದು ಬೇಲಿ ಹಾರಿ ರಸ್ತೆಗೆ ಬಂದು ಯಾರದೋ ಕಾರಿಗೆ ಗುದ್ದಿದರೆ ಕೊಡಬೇಕಾದವರು ನೀವೇ. ಆ ವಿಮೆ ಮೊದಲ ದಿನವೇ ಮಾಡಿಸಿ.

ಡ್ರೈವಿಂಗ್ ಲೈಸೆನ್ಸ್ ಬೇಕಾ?

ಬೇಕು, ಮತ್ತು ಇದನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಅಲ್ಲಿಯದ್ದೇ ತೆಗೆಯಬೇಕು. ಕುದುರೆ ಟ್ರೇಲರ್ ಎಳೆಯೋಕೆ ಬೇರೆ ದರ್ಜೆ, ಮೂರೂವರೆ ಟನ್ ಮೀರಿದ ಲಾರಿಗೆ ಇನ್ನೊಂದು ದರ್ಜೆ. ಗಾಡಿ ಓಡಿಸೋಕೆ ಬರುವ ಹುಡುಗಿಗೆ ಲಾಯದಲ್ಲಿ ಬೆಲೆಯೇ ಬೇರೆ.

ಹುಡುಗಿ ಒಬ್ಬಳನ್ನೇ ಹೇಗೆ ಕಳಿಸೋದು?

ಗಂಡು ಮಕ್ಕಳ ಅಪ್ಪ-ಅಮ್ಮ ಇದನ್ನು ಒಮ್ಮೆಯೂ ಕೇಳಿಲ್ಲ. ಇರಲಿ. ಈ ಆಟದಲ್ಲಿ ಗಂಡು ಹೆಣ್ಣು ಒಂದೇ ಪಟ್ಟಿ, ಒಂದೇ ಪದಕ. ಟೋಕಿಯೋದಲ್ಲಿ ವೈಯಕ್ತಿಕ ಚಿನ್ನ ಗೆದ್ದದ್ದು ಜರ್ಮನಿಯ ಯೂಲಿಯಾ ಕ್ರಯೆವ್‌ಸ್ಕಿ, ಈವೆಂಟಿಂಗ್‌ನಲ್ಲಿ ಅದು ಹೆಣ್ಣುಮಗಳಿಗೆ ಬಂದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ. ಲಾಯಗಳಲ್ಲಿ ಹುಡುಗಿಯರೇ ಜಾಸ್ತಿ.

ಕೇಳಬೇಕಾದ್ದು ಬೇರೆ. ರೂಮಿಗೆ ಒಳಗಿಂದ ಬೀಗ ಇದೆಯಾ? ವಾರಕ್ಕೊಂದು ರಜೆ ಇದೆಯಾ? ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರುತ್ತಾ? ಅಲ್ಲಿ ಹಿಂದೆ ಕೆಲಸ ಮಾಡಿದವರ ಜೊತೆ ಫೋನಿನಲ್ಲಿ ಮಾತಾಡಿದಿರಾ? ಕೊನೆಯದ್ದಕ್ಕೆ ಮಾಲೀಕರು ನಂಬರ್ ಕೊಡಲ್ಲ ಅಂದರೆ ಬೇರೆ ಲಾಯ ನೋಡಿ.

ಹೋಗುವ ಮುಂಚೆ ಊರಲ್ಲಿ ಏನು ಮಾಡಬಹುದು?

ಎಸ್ಟೇಟ್ ರಸ್ತೆಯಲ್ಲಿ ಕುದುರೆಯನ್ನು ಏರು-ಇಳಿಜಾರಿನಲ್ಲಿ ಬರೀ ನಡೆಸಿ. ಕುದುರೆಗೂ ನಿಮಗೂ ಉಸಿರು ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ನೆಲದಲ್ಲಿ ಹಾರಿಸಬೇಡಿ, ಜಾರುತ್ತದೆ, ಗೊರಸು ಕೊಳೆಯುತ್ತದೆ. ಅರಸೀಕೆರೆ ಕಡೆ ನೆಂಟರಿದ್ದರೆ ಆ ನಾಲ್ಕು ತಿಂಗಳು ಅಲ್ಲಿ ಕಟ್ಟಿ. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವ ಪರಿಚಯದವರಿದ್ದರೆ ನಾಡಿ, ಜ್ವರ, ಕುಂಟು ನೋಡುವುದನ್ನು ಕೇಳಿ ಕಲಿಯಿರಿ. ಲದ್ದಿ ನೀವೇ ಎತ್ತಿ.

ವಾಪಸ್ ಬಂದರೆ ಜನ ಏನಂತಾರೆ?

"ಸೋತು ಬಂದಳು" ಅಂತಾರೆ. ಮೂರು ತಿಂಗಳು. ಆಮೇಲೆ ಅವರ ಮಕ್ಕಳನ್ನೇ ಕಲಿಯೋಕೆ ಕಳಿಸುತ್ತಾರೆ.

ಸಾಮಾನು ಏನೇನು ಕಟ್ಟಿಕೊಳ್ಳಬೇಕು?

ಜೀನು ಬೇಡ. ಅದು ಕುದುರೆಯ ಬೆನ್ನಿಗೆ ಹೊಂದಬೇಕೇ ಹೊರತು ನಿಮಗಲ್ಲ. ಹೆಲ್ಮೆಟ್ ಅಲ್ಲೇ ತಗೊಳ್ಳಿ, ಅವರ ಸ್ಟ್ಯಾಂಡರ್ಡ್ ಗುರುತು ಇರಬೇಕು. ನಿಮ್ಮ ಕಾಲಿಗೆ ಪಳಗಿದ ಬೂಟು, ಉಣ್ಣೆ ಕಾಲುಚೀಲ ಆರು ಜೊತೆ, ಕುಕ್ಕರ್, ಚಟ್ನಿಪುಡಿ. ಅಮ್ಮ ಗಸಗಸೆ ಕಟ್ಟಿಕೊಟ್ಟರೆ ತೆಗೆದಿಡಿ. ದುಬೈ ಮೇಲೆ ಹೋಗುವವರಂತೂ ಮುಟ್ಟಲೇಬೇಡಿ, ಅಲ್ಲಿ ಅದು ಅಪರಾಧ. ಲಾಯದಲ್ಲೂ ಅದು ತೊಂದರೆ. ಗಸಗಸೆ ಮೇವಿಗೆ ಸೇರಿದರೆ ಕುದುರೆಯ ಡೋಪ್ ಪರೀಕ್ಷೆಯಲ್ಲಿ ಮಾರ್ಫಿನ್ ಸಿಗಬಹುದು.

ಕಾಫಿಪುಡಿ ಧಾರಾಳವಾಗಿ ತಗೊಂಡು ಹೋಗಿ. ಆದರೆ ಕೆಫೀನ್ ಕೂಡ ಕುದುರೆಗಳ ನಿಷೇಧಿತ ಪಟ್ಟಿಯಲ್ಲಿದೆ. ನಾನು ಮೊದಲ ವಾರ ಲೋಟ ಹಿಡಿದುಕೊಂಡೇ ಮೇವಿನ ಕೋಣೆಗೆ ಹೋಗಿ ಬೈಸಿಕೊಂಡೆ. ಡಬ್ಬಿ ರೂಮಿನಲ್ಲಿರಲಿ. ಕುಡಿದು, ಕೈ ತೊಳೆದು, ಆಮೇಲೆ ಲಾಯಕ್ಕೆ ಹೋಗಿ.